ಅಪ್ಪನ ಹೆಸರಿನ ಕಾಲಂ

ಇದು ನಡೆದ ಕಥೆ. ಇದರ ಬಹುಭಾಗ ಬಸ್ಸಿನಲ್ಲಿ ಹೋಯಿತು, ಸ್ವಲ್ಪ ರಿಜಿಸ್ಟರ್ ಅಂಚೆಯಲ್ಲಿ ಹೋಯಿತು, ಕಡೆಗೆ ಹಡಗಿನಲ್ಲೂ ಹೋಗಬೇಕಿತ್ತು. ಆದ್ದರಿಂದ ‘ನಡೆದದ್ದು’ ಎನ್ನುವ ಮಾತಿಗೆ ಯಾರಾದರೂ ತಕರಾರು ತೆಗೆದರೆ ತೆಗೆಯಲಿ, ‘ಸುಳ್ಳು’ ಎಂದು ಮಾತ್ರ ಹೇಳುವಂತಿಲ್ಲ.

ಐವತ್ತೊಂಬತ್ತನೆಯ ಇಸವಿಯ ಫೆಬ್ರವರಿಯಲ್ಲಿ ಮಡಂತ್ಯಾರಿನ ಮುಂಡಪ್ಪ ಶೆಟ್ಟರ ಮನೆಗೆ ಬಹರೈನಿನಿಂದ ಒಂದು ದಪ್ಪ ಲಕೋಟೆ ಬಂತು. ಕಳಿಸಿದವನು ತಂಗಿಯ ಮಗಳು ಕಾಂತಿಯ ಗಂಡ ಕುಶಾಲಪ್ಪ. ಎಣ್ಣೆ ಕಂಪೆನಿಯ ಉಗ್ರಾಣದಲ್ಲಿ ಗುಮಾಸ್ತನಾಗಿದ್ದ ಅವನಿಗೆ ಹೆಂಡತಿಯನ್ನು ಕರೆಸಿಕೊಳ್ಳುವ ಪರ್ಮಿಟ್ ಸಿಕ್ಕಿತ್ತು. ಪರ್ಮಿಟ್ಟಿನ ಅವಧಿ ಮೇ ತಿಂಗಳ ಕೊನೆಯವರೆಗೆ. ಮೇ ಹದಿನೈದನೇ ತಾರೀಕಿನ ಹಡಗಿಗೆ ಬೊಂಬಾಯಿಯಲ್ಲಿ ಟಿಕೆಟು ಮಾಡಿಸುತ್ತೇನೆ, ಅಷ್ಟರೊಳಗೆ ಪಾಸ್‌ಪೋರ್ಟ್ ಆಗಬೇಕು, ಮಳೆ ಹಿಡಿದರೆ ಕಡಲು ಒಳ್ಳೆಯದಿರುವುದಿಲ್ಲ ಎಂದು ಬರೆದಿದ್ದ. ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ಅದರಲ್ಲಿ ಕಾಂತಿ ಗಂಡನ ಮುಖ ನೋಡಿದ್ದು ಒಟ್ಟು ಹತ್ತು ವಾರ.

ಅಳಿಯಕಟ್ಟಿನ ಮನೆ ಅದು. ಮಕ್ಕಳು ತಾಯಿಯ ಮನೆಯವರು, ಸೋದರಮಾವ ಯಜಮಾನ. ಮುಂಡಪ್ಪ ಶೆಟ್ಟರಿಗೆ ಅರುವತ್ತು ಹತ್ತಿರವಾಗಿತ್ತು. ತಂಗಿ ನೀಲಾವತಿ ಮನೆಯ ಒಳಗನ್ನು ನೋಡಿಕೊಳ್ಳುವಳು. ಅವಳ ಮಕ್ಕಳು ಇಬ್ಬರು. ದೊಡ್ಡವ ಲೋಕನಾಥ ಬಿ.ಎ. ಮುಗಿಸಿ ಮೂಡುಬಿದಿರೆಯ ಹೈಸ್ಕೂಲಿನಲ್ಲಿ ಮಾಸ್ತರನಾಗಿದ್ದ, ಶನಿವಾರ ಸಂಜೆಯ ಬಸ್ಸಿಗೆ ಮನೆಗೆ ಬರುತ್ತಿದ್ದ. ಚಿಕ್ಕವಳು ಕಾಂತಿ. ಶೆಟ್ಟರ ಸ್ವಂತ ಹೆಂಡತಿಯೂ ಮಗಳು ಸ್ವರ್ಣಲತಾಳೂ ಇದ್ದದ್ದು ವೇಣೂರಿನಲ್ಲಿ, ಆ ಮನೆಯ ಸೋದರಮಾವನ ಯಜಮಾನಿಕೆಯಲ್ಲಿ. ಶೆಟ್ಟರು ತಿಂಗಳಿಗೆರಡು ಸಲ ಅಲ್ಲಿಗೆ ಹೋಗಿ ಎರಡೆರಡು ದಿನ ಇದ್ದು ಬರುವರು. ಊರಿನಲ್ಲಿ ಎಲ್ಲರ ಮನೆಯೂ ಹೀಗೆಯೇ ಇದ್ದದ್ದರಿಂದ ಯಾರಿಗೂ ಅದನ್ನು ವಿವರಿಸಿ ಹೇಳುವ ಅಗತ್ಯ ಬಿದ್ದಿರಲಿಲ್ಲ.

ಪಾಸ್‌ಪೋರ್ಟಿನ ಅರ್ಜಿ ತುಂಬಿಸುವುದಕ್ಕೆ ಶೆಟ್ಟರು ಕಾಂತಿಯನ್ನು ಕರೆದುಕೊಂಡು ಬಂಟವಾಳ ಪೇಟೆಯ ಹಾಜಬ್ಬರ ಬಟ್ಟೆ ಅಂಗಡಿಗೆ ಹೋದರು. ಹಜ್ಜಿನ ಹಡಗಿಗೆ ಹೋಗುವವರ ಕಾಗದಪತ್ರ ಮಾಡಿಸಿ ಮಾಡಿಸಿ ಹಾಜಬ್ಬರಿಗೆ ಆ ದಾರಿ ಗೊತ್ತಿತ್ತು. ಸೀರೆಗಳನ್ನು ಒಂದು ಕಡೆ ಸರಿಸಿ ಅರ್ಜಿ ಹರಡಿದರು.

“ಗುರುತಿನ ಕಲೆ ಏನಾದರೂ ಉಂಟಾ?”

“ಎಡ ಹುಬ್ಬಿನ ಮೇಲೆ ಗಾಯ,” ಶೆಟ್ಟರು ಹೇಳಿದರು. “ಮೂರು ವರ್ಷದವಳಿರುವಾಗ ಕತ್ತಿಮಣೆಯ ಮೇಲೆ ಬಿದ್ದದ್ದು.”

“ಎತ್ತರ?”

“ಅವಳ ಅಮ್ಮನಿಗಿಂತ ಎರಡು ಬೆರಳು ಹೆಚ್ಚು.”

“ಅದು ಮದರಾಸಿನವರಿಗೆ ಹೇಗೆ ಗೊತ್ತಾಗಬೇಕು ಶೆಟ್ರೇ? ಅಳೆಯುವ.” ಹಾಜಬ್ಬರು ಬಟ್ಟೆ ಅಳೆಯುವ ಗಜಕೋಲನ್ನೇ ಗೋಡೆಗೆ ಹಿಡಿದು ಅಳೆದರು. “ಸರಿ. ತಂದೆಯ ಹೆಸರು?”

“ಮುಂಡಪ್ಪ ಶೆಟ್ಟಿ ಅಂತ ಬರೆಯಿರಿ.”

ಹಾಜಬ್ಬರ ಪೆನ್ನು ಕಾಗದದ ಮೇಲೆಯೇ ನಿಂತಿತು. “ಇದು ಯಜಮಾನರ ಹೆಸರು ಕೇಳುವುದಲ್ಲ. ಅಪ್ಪನದ್ದು.”

“ಶಾಲೆಗೆ ಸೇರಿಸುವಾಗ ಬರೆದದ್ದು ಯಾರ ಹೆಸರು? ನನ್ನದು. ಮದುವೆ ಕಾಗದದಲ್ಲಿ? ನನ್ನದು. ವಿಷಮಶೀತ ಜ್ವರ ಬಂದಾಗ ಮಂಗಳೂರಿಗೆ ಎತ್ತಿಕೊಂಡು ಹೋದದ್ದು ಯಾರು?”

“ಅದೆಲ್ಲ ಹೌದು. ಆದರೆ ಇವರು ಕೇಳುವುದು ಬೇರೆ.”

“ಮುಂಡಪ್ಪ ಅಂದರೆ ಸಾಲದಾ ಹಾಜಬ್ಬ? ಹೆಸರಿನಲ್ಲಿಯೇ ಅಪ್ಪ ಉಂಟಲ್ಲ.”

ಹಾಜಬ್ಬರು ನಕ್ಕರು, ನಕ್ಕು ಕಾಂತಿಯ ಕಡೆ ನೋಡಿದರು. ಅವಳು ಮಸಿ ಬಾಟಲಿಯನ್ನು ನೋಡುತ್ತಿದ್ದಳು. “ನೀವು ಹೇಳಿದ್ದನ್ನು ಬರೆದಿದ್ದೇನೆ,” ಎಂದರು ಹಾಜಬ್ಬರು. “ನಾಳೆ ನನ್ನ ಹೆಸರು ಹೇಳಬೇಡಿ.” ಬಹರೈನಿನ ಪರ್ಮಿಟ್ಟನ್ನು ಅರ್ಜಿಯ ಹಿಂದೆ ಟಾಚಣಿ ಚುಚ್ಚಿ ಸೇರಿಸಿದರು. ಅದು ಇಂಗ್ಲಿಷ್ ಟೈಪಿನಲ್ಲಿತ್ತು. ಕೆಳಗಿನ ನೇರಳೆ ಮೊಹರು ಇಬ್ಬರಿಗೂ ಸಾಕಾದ್ದರಿಂದ ಮೇಲಿನದ್ದನ್ನು ಯಾರೂ ಓದಲಿಲ್ಲ.

ಮೂರು ವಾರ ಕಳೆದು ವಿಚಾರಣೆಗೆ ಪೊಲೀಸು ದಫೇದಾರರು ಬಂದರು. ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಘಟ್ಟದ ಮೇಲಿನಿಂದ ಬಂದ ಹೊಸಬರಲ್ಲಿ ಒಬ್ಬರು, ಹಾಸನದ ಕಡೆಯವರು. ನೀಲಾವತಿ ಅಂಗಳದಲ್ಲಿ ಬೇಯಿಸಿದ ಭತ್ತ ಹರಡುತ್ತಿದ್ದಳು. ಶೆಟ್ಟರು ಬೆಂಚು ಕೊಟ್ಟು ನೀರು ಬೆಲ್ಲ ತರಿಸಿದರು.

“ಮನೆ ಯಜಮಾನ್ರು?”

“ನಾನು.”

“ಇವ್ರು, ಹುಡುಗಿ ತಾಯಿನಾ?”

“ಹೌದು. ನೀಲಾವತಿ.”

“ಇಲ್ಲೇ ಇರೋದಾ?”

“ಇಲ್ಲದೆ ಮತ್ತೆಲ್ಲಿ?”

“ಸರಿ ಸರಿ.” ದಫೇದಾರರು ಎರಡು ನೀರುದೋಸೆ ತಿಂದು, ಡೈರಿಯಲ್ಲಿ ನಾಲ್ಕು ಸಾಲು ಬರೆದುಕೊಂಡು ಸೈಕಲ್ಲು ಹತ್ತಿದರು.

ಆ ಶನಿವಾರ ಲೋಕನಾಥ ಬಂದವನೇ ಕಾಂತಿಯ ಬಾಯಿಯಿಂದ ಇದನ್ನೆಲ್ಲ ಕೇಳಿದ. ಊಟದ ಹೊತ್ತಿಗೆ ಅವನೇ ದಫೇದಾರನಾದ. ಹೊಟ್ಟೆ ಮುಂದೆ ಮಾಡಿ, ಬೆಲ್ಟು ಎಳೆದುಕೊಂಡು, “ಏನ್ ಸಾಮಿ ಈ ಊರು, ದನಾನೂ ಉಂಟು, ದೆವ್ವಾನೂ ಉಂಟು, ದಾಯಾದೀನೂ ಉಂಟು. ಯಾರೂ ಇಲ್ಲಿ ಇರೋದೇ ಇಲ್ವಲ್ಲ, ಬರೀ ಉಂಟು,” ಎಂದ. ಅವನು ಮಾಡದ ಧ್ವನಿ ಇರಲಿಲ್ಲ. ಹೆಡ್‌ಮಾಸ್ತರರು, ಬಸ್ಸಿನ ಕಂಡಕ್ಟರು, ರೇಡಿಯೋದಲ್ಲಿ ವಾರ್ತೆ ಓದುವವರು, ಎಲ್ಲರೂ ಅವನ ಗಂಟಲಲ್ಲಿ ಒಕ್ಕಲಿದ್ದರು. ಶೆಟ್ಟರು ಮಜ್ಜಿಗೆ ಕುಡಿಯುವುದನ್ನು ನಿಲ್ಲಿಸಿ ನಕ್ಕರು. “ಪೋಕರಿ, ಮೊದಲು ಉಣ್ಣು,” ಎಂದರು.

ಮದರಾಸಿನಿಂದ ಉತ್ತರ ಬಂದದ್ದು ಮಾರ್ಚಿನ ಕೊನೆಯಲ್ಲಿ. ಅದು ಇಂಗ್ಲಿಷಿನಲ್ಲಿದ್ದುದರಿಂದ ಲೋಕನಾಥ ಬರುವವರೆಗೆ ದೇವರ ಪಟದ ಹಿಂದೆ ಎರಡು ದಿನ ಕುಳಿತಿತ್ತು. ಶನಿವಾರ ಅವನು ಚಾವಡಿಯಲ್ಲಿ ಕುಳಿತು ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದ. ನೀಲಾವತಿ ಅಲ್ಲಿಯೇ ಕತ್ತಿಮಣೆಯ ಮೇಲೆ ಬಸಳೆ ಹೆಚ್ಚುತ್ತಿದ್ದಳು.

“‘ಅರ್ಜಿಯಲ್ಲಿ ತಂದೆಯ ಹೆಸರು ಮುಂಡಪ್ಪ ಶೆಟ್ಟಿ ಎಂದು ಉಂಟು. ಲಗತ್ತಿಸಿದ ಪರ್ಮಿಟ್ಟಿನಲ್ಲಿ ಕಾಂತಿ, ಸುಬ್ಬಯ್ಯ ಆಳ್ವರ ಮಗಳು, ಎಂದು ಉಂಟು.’”

ಇಪ್ಪತ್ತೆರಡು ವರ್ಷಗಳಿಂದ ಆ ಮನೆಯಲ್ಲಿ ಯಾರೂ ಆ ಹೆಸರು ಹೇಳಿರಲಿಲ್ಲ.

“ಮುಂದೆ,” ಎಂದರು ಶೆಟ್ಟರು.

“‘ಪೊಲೀಸು ವರದಿಯ ಪ್ರಕಾರ ಆ ಮನೆಯಲ್ಲಿ ವಾಸವಿರುವವರು ಮುಂಡಪ್ಪ ಶೆಟ್ಟಿ, ಅವರ…’” ಲೋಕನಾಥ ನಿಲ್ಲಿಸಿದ.

“ಅವರ ಏನು?”

“ಬೇಡ ಮಾವ.”

“ಓದು.”

“‘ಅವರ ಹೆಂಡತಿ ನೀಲಾವತಿ, ಮಗಳು ಕಾಂತಿ.’”

ನೀಲಾವತಿ ಕತ್ತಿಮಣೆಯನ್ನು ಮಡಚಿಟ್ಟಳು. ಹೆಚ್ಚಿದ ಬಸಳೆಯನ್ನು ಅಲ್ಲಿಯೇ ಬಿಟ್ಟು ಎದ್ದು ಬಾವಿಯ ಕಡೆಗೆ ಹೋದಳು. ನೀರು ಸೇದುವ ಸದ್ದು ಬಹಳ ಹೊತ್ತು ಕೇಳಿತು, ಆದರೆ ಒಂದು ಕೊಡ ನೀರೂ ಒಳಗೆ ಬರಲಿಲ್ಲ.

ಕಾಗದದ ಉಳಿದ ಭಾಗ ಚಿಕ್ಕದು. ನಿಜವಾದ ತಂದೆ ಮೇಜಿಸ್ಟ್ರೇಟರ ಎದುರು ಹಾಜರಾಗಿ, ಈಕೆ ನನ್ನ ಮಗಳು ಎಂದು ಪ್ರಮಾಣಪತ್ರಕ್ಕೆ ಸಹಿ ಹಾಕಬೇಕು. ಮೂವತ್ತು ದಿನದೊಳಗೆ ಅದು ತಲುಪದಿದ್ದರೆ ಅರ್ಜಿ ಮುಗಿಯಿತು.

ಶೆಟ್ಟರು ಮೊದಲು ದಫೇದಾರನನ್ನು ಬೈದರು, ಆಮೇಲೆ ಮದರಾಸನ್ನು ಬೈದರು, ಕೊನೆಗೆ ಬಹರೈನಿಗೆ ಬಂದು ನಿಂತರು. “ಕುಶಾಲಪ್ಪನಿಗೆ ಆ ಹೆಸರು ಹೇಳಿದ್ದು ಯಾರು?”

“ನಾನು,” ಎಂದಳು ಕಾಂತಿ. “ಪರ್ಮಿಟ್ಟಿಗೆ ಬೇಕು, ನಿನ್ನ ಅಪ್ಪನ ಹೆಸರು ಏನು ಅಂತ ಕಾಗದದಲ್ಲಿ ಕೇಳಿದ್ದರು. ಬರೆದೆ.”

“ನನ್ನ ಹೆಸರು ನೆನಪಾಗಲಿಲ್ಲವಾ?”

“ನೀವು ಮಾವ ಅಲ್ಲವಾ.”

“ಮಾವ,” ಶೆಟ್ಟರು ತಮಗೆ ತಾವೇ ಹೇಳಿಕೊಂಡರು. “ಮುಂಡಪ್ಪ ಬರೀ ಮಾವ.”

ಲೋಕನಾಥ ಮಾತನ್ನು ಹಗುರ ಮಾಡಲು ನೋಡಿದ. “ಹೆಸರಿನಲ್ಲಿ ಅಪ್ಪ ಇದ್ದರೆ ಆಯ್ತು ಅಂತ ಹಾಜಬ್ಬರಿಗೆ ಹೇಳಿದಿರಂತೆ. ಕುಶಾಲಪ್ಪ ಭಾವನ ಹೆಸರಿನಲ್ಲೂ ಅಪ್ಪ ಉಂಟು ಮಾವ. ಹಾಗೆ ಹೋದರೆ ಇವಳಿಗೆ ಗಂಡನೇ ಉಳಿಯುವುದಿಲ್ಲ.”

“ನಿನ್ನ ಕುಶಾಲು ಸಾಕು.”

“ಕುಶಾಲಲ್ಲ. ಆಳ್ವರು ಅಳದಂಗಡಿಯಲ್ಲಿ ಇದ್ದಾರೆ. ಒಂದು ಸಹಿ. ಹೋಗಿ ಕೇಳುವ.”

“ಆ ಮನುಷ್ಯನ ಹತ್ತಿರ ಈ ಮನೆಯವರು ಏನನ್ನೂ ಕೇಳಿಲ್ಲ. ಕೇಳುವುದೂ ಇಲ್ಲ.”

ಸುಬ್ಬಯ್ಯ ಆಳ್ವರು ಇಪ್ಪತ್ತೆರಡು ವರ್ಷದ ಹಿಂದೆ ಒಂದು ದಿನ ಅಳದಂಗಡಿಯಿಂದ ಗಾಡಿ ಕಟ್ಟಿಕೊಂಡು ಬಂದಿದ್ದರು. ಹೆಂಡತಿಯೂ ಮಕ್ಕಳೂ ತನ್ನ ಮನೆಯಲ್ಲಿ ಇರಬೇಕು ಎಂದಿದ್ದರು. ನಮ್ಮ ಹೆಣ್ಣುಮಕ್ಕಳು ಮನೆ ಬಿಟ್ಟು ಹೋಗುವ ಕ್ರಮ ಇಲ್ಲ ಎಂದು ಮುಂಡಪ್ಪ ಶೆಟ್ಟರು ಗಾಡಿಯ ಎದುರು ನಿಂತಿದ್ದರು. ಆಳ್ವರ ಗಂಟಲು ಗುಡುಗಿನಂಥದ್ದು. ಅಂಗಳದಲ್ಲಿ ನಿಂತು ಅವರು ಕೂಗಿದ್ದು ರಸ್ತೆಯ ತನಕ ಕೇಳಿತ್ತು. ಕಾಂತಿ ಆಗ ತೊಟ್ಟಿಲಲ್ಲಿದ್ದಳು, ಲೋಕನಾಥನಿಗೆ ಆರು ವರ್ಷ. ಗಾಡಿ ಬರಿದಾಗಿ ತಿರುಗಿ ಹೋಯಿತು. ಮತ್ತೆ ಆ ದಾರಿಯಲ್ಲಿ ಬರಲಿಲ್ಲ.

ಮದರಾಸಿನ ಕಾಗದ ಓದಿಸಿದ ಮರುದಿನದಿಂದ ಶೆಟ್ಟರು ಒಳಗೆ ಕುಳಿತು ಉಣ್ಣುವುದನ್ನು ಬಿಟ್ಟರು. ಕಾಂತಿ ಗಂಜಿಯ ಬಟ್ಟಲನ್ನೂ ಉಪ್ಪಿನಕಾಯಿಯನ್ನೂ ಚಾವಡಿಗೆ ತಂದಿಡುವಳು. ಶೆಟ್ಟರು ಗೋಡೆಗೆ ಮುಖ ಮಾಡಿ ಉಣ್ಣುವರು.

“ಮಾವ, ಹುರುಳಿ ಸಾರು ಹಾಕಲಾ?”

“ಬೇಡ.”

“ಬಿಸಿ ಉಂಟು.”

“ಬಹರೈನಿನಲ್ಲಿ ಯಾರು ಮಾಡಿಕೊಡ್ತಾರೆ ನಿನಗೆ ಹುರುಳಿ ಸಾರು?”

“ನಾನೇ ಮಾಡ್ತೇನೆ. ಹುರುಳಿ ಕಟ್ಟಿಕೊಂಡು ಹೋಗ್ತೇನೆ.” ಅವಳು ಹೊಸ್ತಿಲಲ್ಲಿ ಕುಳಿತಳು. “ಆದರೆ ನೀವು ಹೋಗು ಅನ್ನದೆ ನಾನು ಹಡಗು ಹತ್ತುವುದಿಲ್ಲ.”

“ಹಾಗಾದರೆ ಇಲ್ಲಿಯೇ ಇರು.”

“ಇರ್ತೇನೆ. ಅವರಿಗೂ ಬರೆಯುತ್ತೇನೆ, ನಾನು ಬರುವುದಿಲ್ಲ ಅಂತ. ಎಷ್ಟು ವರ್ಷ ಅಂತ ಅವರು ಕೇಳಿದರೆ ಏನು ಬರೆಯುವುದು?”

ಶೆಟ್ಟರು ಬಟ್ಟಲು ಎತ್ತಿ ಗಂಜಿಯ ತಿಳಿ ಕುಡಿದರು.

ಏಪ್ರಿಲ್ ಮೊದಲ ವಾರ ಹಲಸಿನ ಹಪ್ಪಳದ ಕೆಲಸ ಶುರುವಾಯಿತು. ತಾಯಿ ಮಗಳು ಬೆಂದ ತೊಳೆಗಳನ್ನು ಒರಳಿಗೆ ಹಾಕಿ ಕುಟ್ಟಿ, ಉಂಡೆ ಮಾಡಿ, ಒತ್ತಿ, ತಾಳೆಗರಿಯ ಒಲಿಚಾಪೆಯ ಮೇಲೆ ಹರಡುತ್ತಿದ್ದರು. ಕಾಗೆ ಓಡಿಸುವ ಕೋಲು ಹಿಡಿದು ಶೆಟ್ಟರು ನೆರಳಿನಲ್ಲಿ ಕುಳಿತಿದ್ದರು. ಕಾಂತಿ ಮತ್ತೊಂದು ಚಾಪೆ ತರಲು ಒಳಗೆ ಹೋದಾಗ ನೀಲಾವತಿ ತಲೆ ಎತ್ತದೆ ಮಾತಾಡಿದಳು.

“ಅಣ್ಣ, ಆವತ್ತು ನನ್ನನ್ನು ಯಾರೂ ಕೇಳಲಿಲ್ಲ.”

“ಯಾವತ್ತು?”

“ಗಾಡಿ ಬಂದ ದಿನ. ಅವರು ಕೂಗಿದರು, ನೀನು ಬೈದೆ. ನೀನು ಹೋಗ್ತೀಯಾ ನೀಲು ಅಂತ ಇಬ್ಬರೂ ಕೇಳಲಿಲ್ಲ.”

“ಕೇಳಿದ್ದರೆ ಹೋಗುತ್ತಿದ್ದೆಯಾ?”

“ಅದನ್ನು ಈಗ ಕೇಳುತ್ತೀಯಲ್ಲ.” ಅವಳು ಅಂಗೈಗೆ ಎಣ್ಣೆ ಸವರಿಕೊಂಡು ಇನ್ನೊಂದು ಉಂಡೆ ತೆಗೆದಳು. “ಈಗ ನನಗೆ ಗೊತ್ತಿಲ್ಲ. ಇವಳನ್ನು ಕೇಳು. ಇವಳಿಗೆ ಗೊತ್ತುಂಟು.”

ಕಾಗೆಯೊಂದು ಬಂದು ಹಪ್ಪಳ ಕಚ್ಚಿಕೊಂಡು ಹೋಯಿತು. ಶೆಟ್ಟರ ಕೋಲು ಏಳಲಿಲ್ಲ.

ಆ ವಾರ ಅವರು ವೇಣೂರಿಗೆ ಹೋದರು. ಅಲ್ಲಿ ಯಾರೂ ಪಾಸ್‌ಪೋರ್ಟಿನ ಮಾತೆತ್ತುವುದಿಲ್ಲ ಎಂದುಕೊಂಡಿದ್ದರು. ಬಡಿಸುತ್ತಿದ್ದ ಸ್ವರ್ಣಲತಾ ಎರಡನೆಯ ಸೌಟಿಗೇ ಎತ್ತಿದಳು.

“ಅಪ್ಪ, ನನಗೆ ಪಾಸ್‌ಪೋರ್ಟ್ ಬೇಕಾದರೆ ಯಾರ ಹೆಸರು ಬರೆಸುವುದು?”

“ನಿನಗೆ ಯಾಕೆ ಪಾಸ್‌ಪೋರ್ಟ್?”

“ಬೇಕು ಅಂತ ಇಟ್ಟುಕೊಳ್ಳಿ.”

“ನನ್ನದು.”

“ಶಾಲೆಯ ರಿಜಿಸ್ಟರಿನಲ್ಲಿ ಮಾವನದ್ದು ಉಂಟು. ಫೀಸು ಕಟ್ಟಿದ್ದು ಅವರು. ಬಳೆ ತಂದು ಕೊಡುವುದೂ ಅವರು.”

“ಅವ ಸಾವಿರ ಮಾಡಲಿ. ಅವ ಮಾವ, ನಾನು ಅಪ್ಪ.”

ಹೇಳಿದ ಮೇಲೆ ಆ ಮಾತು ಬಟ್ಟಲಿನ ಎದುರು ಬಂದು ಕುಳಿತ ಹಾಗಾಯಿತು. ಒಳಗಿನಿಂದ ಹೆಂಡತಿ ಮಗಳನ್ನು ಗದರಿದಳು, “ಅಪ್ಪ ಉಣ್ಣುವಾಗ ಏನೇ ಅದು?” ಶೆಟ್ಟರು ಕೈ ಅಡ್ಡ ಹಿಡಿದರು. “ಬಿಡು. ಅವಳು ಕೇಳಿದ್ದು ಸರಿಯಾಗಿಯೇ ಉಂಟು.”

ಮಡಂತ್ಯಾರಿಗೆ ಹಿಂದೆ ಬಂದಾಗ ಲೋಕನಾಥ ಬೇಸಗೆ ರಜೆಗೆ ಮನೆಯಲ್ಲಿದ್ದ. ಶೆಟ್ಟರು ಕಾಲು ತೊಳೆಯುತ್ತಲೇ ಹೇಳಿದರು, “ನೀನು ಹೋಗಿ ಕೇಳು. ನಾನು ಬರುವುದಿಲ್ಲ. ಸಹಿ ಹಾಕಿದರೆ ಹಾಕಲಿ, ಇಲ್ಲದಿದ್ದರೆ ನಮ್ಮ ಹಣೆಬರಹ.”

ಸೋಮವಾರ ಮೊದಲ ಬಸ್ಸಿಗೆ ಲೋಕನಾಥ ಹೋದ. ಮಂಗಳವಾರ ಬರಲಿಲ್ಲ. ಮನೆಯಲ್ಲಿ ಹಣ್ಣುಹಂಪಲಿನ ಕಣಿ ಇಟ್ಟು, ಕಿರಿಯರು ಹಿರಿಯರ ಕಾಲಿಗೆ ಬೀಳುವ ಹೊಸ ವರ್ಷದ ಬಿಸು ಹಬ್ಬದ ದಿನವೂ ಅವನ ಸುದ್ದಿ ಇರಲಿಲ್ಲ. ಕಾಂತಿ ಒಬ್ಬಳೇ ಮಾವನ ಕಾಲಿಗೆ ಬಿದ್ದಳು. ಹಬ್ಬದ ಮರುದಿನ ಮಧ್ಯಾಹ್ನ ಊಟಕ್ಕೆ ಎಲೆ ಹಾಕುವಾಗ ಬಂದ. ಅಂದು ಶೆಟ್ಟರು ಸುದ್ದಿ ಕೇಳುವ ಅವಸರಕ್ಕೆ ಒಳಗೆಯೇ ಬಂದು ಕುಳಿತಿದ್ದರು.

“ಏನಂತೆ?”

“ನಾನು ಹೇಳಲಾ, ಅವರೇ ಹೇಳಬೇಕಾ?”

“ಹೇಳು ಮಾರಾಯ.”

ಲೋಕನಾಥ ಎದ್ದು ನಿಂತ. ಗಂಟಲು ಕೆರೆದುಕೊಂಡು ಎದೆ ಅಗಲ ಮಾಡಿದ. ಅವನ ಬಾಯಿಯಿಂದ ಹೊರಟದ್ದು ಅವನ ಧ್ವನಿಯಲ್ಲ.

“ಮುಂಡಪ್ಪ ಎಲ್ಲಿ? ಅಂದು ಬಾಯಿ ಇತ್ತಲ್ಲ ಅವನಿಗೆ, ಇಂದು ಹುಡುಗರನ್ನು ಕಳಿಸುವುದಾ? ಅವ ಬರಲಿ. ನನ್ನ ಅಂಗಳದಲ್ಲಿ ನಿಂತು ಅವನ ಬಾಯಿಯಿಂದ ಕೇಳಲಿ. ಆಮೇಲೆ ನೋಡುವ ಸಹಿಯನ್ನು.”

ಮಾಡಿನ ಹಂಚು ನಡುಗಿತೋ ಎನ್ನುವಂಥ ಗುಡುಗು ಅದು. ನೀಲಾವತಿ ಕಾಂತಿಯ ಎಲೆಗೆ ಅನ್ನ ಬಡಿಸುತ್ತಿದ್ದಳು. ಸೌಟು ಓರೆಯಾಯಿತು, ಅನ್ನ ಎಲೆ ದಾಟಿ ನೆಲಕ್ಕೆ ಬಿತ್ತು. ಅವಳು ಅದನ್ನು ನೋಡಲಿಲ್ಲ. ಮಗನ ಬಾಯಿಯನ್ನೇ ನೋಡುತ್ತ ನಿಂತಿದ್ದಳು.

“ಅಮ್ಮ, ಅನ್ನ,” ಎಂದಳು ಕಾಂತಿ ಮೆಲ್ಲಗೆ.

ಶೆಟ್ಟರು ಎಲೆ ಮಡಚಿ ಎದ್ದರು.

ಮೂರು ದಿನ ಅವರು ಮಜ್ಜಿಗೆ ನೀರು ಬಿಟ್ಟರೆ ಬೇರೆ ಏನನ್ನೂ ಸೇರಿಸಲಿಲ್ಲ. ಹಟ್ಟಿಯ ಸಗಣಿ ತಾವೇ ತೆಗೆದರು, ಸೀಳಿದ್ದ ಸೌದೆಯನ್ನು ಮತ್ತೆ ಸೀಳಿದರು. ಮದರಾಸಿನ ಗಡುವಿಗೆ ಆರು ದಿನ ಉಳಿದಿತ್ತು. ನಾಲ್ಕನೆಯ ದಿನ ಬೆಳಿಗ್ಗೆ ಮಿಂದು ಬಂದು, “ಒಗೆದ ಮುಂಡು ಉಂಟಾ ನೀಲು?” ಎಂದು ಕೇಳಿದರು.

“ಎಲ್ಲಿಗೆ ಮಾವ?” ಕಾಂತಿ ಕೇಳಿದಳು.

“ಅಳದಂಗಡಿಗೆ.”

ನೀಲಾವತಿ ಒಗೆದ ಮುಂಡಿನ ಜೊತೆಗೆ ಬಾಳೆಲೆಯಲ್ಲಿ ಸುತ್ತಿದ ಒಂದು ಕಟ್ಟು ಹಪ್ಪಳ ತಂದಿಟ್ಟಳು. “ಬರಿಗೈಯಲ್ಲಿ ಹೋಗುವುದು ಬೇಡ.” ಲೋಕನಾಥ ಬಾಯಿ ತೆರೆದು, ಏನೂ ಹೇಳದೆ ಮತ್ತೆ ಮುಚ್ಚಿಕೊಂಡ. ಅವನು ಬಾಯಿ ಮುಚ್ಚಿಕೊಳ್ಳುವುದು ಅಪರೂಪ. ಶೆಟ್ಟರಿಗೆ ಅಲ್ಲಿಯೇ ಸಂಶಯ ಬರಬೇಕಿತ್ತು, ಬರಲಿಲ್ಲ.

ಗುರುವಾಯನಕೆರೆಯಲ್ಲಿ ಬಸ್ಸು ಬದಲಿಸಿ ಕುಳಿತಾಗ ಹೇಳಬೇಕಾದದ್ದನ್ನು ಅವರು ಮನಸ್ಸಿನಲ್ಲಿ ಜೋಡಿಸಿಕೊಂಡರು. ಎರಡೇ ಮಾತು. ಬಂದಿದ್ದೇನೆ, ಸಹಿ ಹಾಕಿ. ಮೂರನೆಯದು ಇಲ್ಲ.

ಆಳ್ವರ ಮನೆ ರಸ್ತೆಯಿಂದ ಎರಡು ಗದ್ದೆ ಆಚೆಗಿತ್ತು. ಜಗಲಿಯ ಕಂಬಕ್ಕೆ ಒರಗಿ ಒಬ್ಬರು ಕುಳಿತಿದ್ದರು. ಕೊರಳಿಗೆ ಮೈ ಒರೆಸುವ ಬೈರಾಸು ಸುತ್ತಿಕೊಂಡಿದ್ದರು, ಮೈಯಲ್ಲಿ ಮಾಂಸ ಉಳಿದಿರಲಿಲ್ಲ. ಮೂಗು ನೋಡಿಯೇ ಶೆಟ್ಟರು ಗುರುತು ಹಿಡಿದರು. ಅಂಗಳದ ನಡುವೆ ಬಿಸಿಲಲ್ಲಿ ನಿಂತರು.

“ಆಳ್ವರೇ, ಬಂದಿದ್ದೇನೆ.”

ಆಳ್ವರು ನೋಡಿದರು. ಏನೂ ಹೇಳಲಿಲ್ಲ.

“ನಾನೇ ಬಂದು ಕೇಳಬೇಕು ಅಂದಿರಂತೆ. ಕೇಳ್ತಾ ಇದ್ದೇನೆ. ಸಹಿ ಹಾಕಿ.”

ಎರಡು ಮಾತು ಮುಗಿದಿತ್ತು. ಆಳ್ವರು ಮತ್ತೂ ಸುಮ್ಮನೆ ಕುಳಿತಿದ್ದರು. ಶೆಟ್ಟರ ಕುತ್ತಿಗೆಯಲ್ಲಿ ಬೆವರು ಇಳಿಯಿತು. ಇಷ್ಟು ಸಾಲದು ಎನ್ನುತ್ತಾನೆ ಎಂದುಕೊಂಡರು.

“ಗಾಡಿ ತಿರುಗಿಸಿದ್ದು ನಾನು, ಹೌದು. ನಮ್ಮ ಮನೆಯ ಕ್ರಮ ಅದು. ನಿಮ್ಮ ಮನೆಯದ್ದೂ ಅದೇ. ನಿಮ್ಮ ಅಕ್ಕನನ್ನು ನೀವು ಕಳಿಸುತ್ತಿದ್ದಿರಾ?”

ಉತ್ತರವಿಲ್ಲ.

“ನೀಲು ಹೇಳ್ತಾಳೆ, ಅವಳನ್ನು ಯಾರೂ ಕೇಳಲಿಲ್ಲ ಅಂತ. ನಾನು ಕೇಳಲಿಲ್ಲ. ಅದು ತಪ್ಪು.” ಶೆಟ್ಟರ ಧ್ವನಿ ಇಳಿಯಿತು. “ಮಗುವಿಗೆ ಅಪ್ಪ ಇಲ್ಲ ಅಂತ ಆಗಬಾರದು ಅಂತ ನಾನು ಆದೆ. ಅದು ತಪ್ಪಲ್ಲ. ಅದನ್ನು ಯಾವ ಕೋರ್ಟಿನಲ್ಲೂ ಹೇಳ್ತೇನೆ. ಆದರೆ ಇದ್ದ ಅಪ್ಪನನ್ನು ಇಲ್ಲ ಮಾಡಿದೆ. ಅದು ತಪ್ಪು. ಅವಳಿಗೆ ಗಂಡನ ಹತ್ತಿರ ಹೋಗಬೇಕು. ನಾನು ಹೋಗು ಅನ್ನದೆ ಹೋಗುವುದಿಲ್ಲ ಅಂತ ಕುಳಿತಿದ್ದಾಳೆ. ಇನ್ನೊಂದು ಗಾಡಿಯ ಎದುರು ನಾನು ನಿಲ್ಲುವುದಿಲ್ಲ. ನಾನೇ ಹಡಗಿಗೆ ಬಿಡ್ತೇನೆ. ನಿಮ್ಮ ಹೆಸರು ಬೇಕು. ಸಹಿ ಹಾಕಿ, ಭಾವ.”

ಆಳ್ವರ ಬಾಯಿ ತೆರೆಯಿತು. ತೂತು ಬಿದ್ದ ತಿದಿ ಒತ್ತಿದ ಹಾಗೆ ಬರೀ ಗಾಳಿ ಬಂತು. ಅವರು ಬೈರಾಸಿನ ಮೇಲೆ ಕೈ ಇಟ್ಟುಕೊಂಡು ಒಳಗಿನ ಕಡೆಗೆ ತಿರುಗಿದರು. ಮುದುಕಿಯೊಬ್ಬಳು ಒದ್ದೆ ಕೈ ಒರೆಸುತ್ತ ಹೊರಗೆ ಬಂದಳು. ಆಳ್ವರ ಅಕ್ಕ.

“ಯಾರದು, ಮುಂಡಪ್ಪನಾ? ಬಿಸಿಲಲ್ಲಿ ಯಾಕೆ ನಿಂತದ್ದು? ಅವನ ಹತ್ತಿರ ಮಾತಾಡಿದರೆ ಅವ ಏನು ಹೇಳಿಯಾನು? ಮಾತು ಹೋಗಿ ಎರಡು ವರ್ಷ ಆಯ್ತು. ಗಂಟಲಿನಲ್ಲಿ ಹುಣ್ಣಾಗಿ ಆಸ್ಪತ್ರೆಯಲ್ಲಿ ಕೊಯ್ದು ತೆಗೆದರು. ಲೋಕನಾಥ ಹೇಳಲಿಲ್ಲವಾ?”

ಶೆಟ್ಟರು ಹಪ್ಪಳದ ಕಟ್ಟನ್ನು ಎದೆಗೆ ಹಿಡಿದುಕೊಂಡು ನಿಂತೇ ಇದ್ದರು. ಆಳ್ವರು ಪಕ್ಕದಲ್ಲಿದ್ದ ಸ್ಲೇಟು ತೆಗೆದು ಬರೆದು ಎತ್ತಿ ತೋರಿಸಿದರು. ‘ಮೇಲೆ ಬನ್ನಿ.’

ಶೆಟ್ಟರು ಜಗಲಿ ಹತ್ತಿ ಕುಳಿತರು. “ಸಹಿ,” ಎಂದರು.

“ಯಾವ ಸಹಿ? ಹಾಕಿ ಆಯ್ತಲ್ಲ,” ಎಂದಳು ಅಕ್ಕ. “ಹೋದ ಸೋಮವಾರ ಲೋಕನಾಥ ಬಂದು ವಿಷಯ ಹೇಳಿ ಬಾಯಿ ಮುಚ್ಚುವ ಮೊದಲೇ ಇವ ಅಂಗಿ ಹಾಕಿಕೊಂಡು ನಿಂತಿದ್ದ. ಇಬ್ಬರೂ ಬೆಳ್ತಂಗಡಿಗೆ ಹೋಗಿ ಮೇಜಿಸ್ಟ್ರೇಟರ ಎದುರು ಬರೆದುಕೊಟ್ಟು, ಅಲ್ಲಿಂದಲೇ ಮದರಾಸಿಗೆ ರಿಜಿಸ್ಟರ್ ಮಾಡಿ ಬಂದರು. ರಶೀದಿ ಇಲ್ಲಿಯೇ ಉಂಟು, ನೋಡು.”

“ಸೋಮವಾರ.”

“ಹೌದು. ಬಿಸುವಿಗೂ ಹುಡುಗ ಇಲ್ಲಿಯೇ ಇದ್ದ.” ಅಕ್ಕ ಕಂಬದ ಬುಡದಲ್ಲಿ ಕುಳಿತಳು. “ಒಂದು ಮಾತು ಹೇಳ್ತೇನೆ ಮುಂಡಪ್ಪ. ಇವನ ಕಾಲಿಗೆ ಬಿದ್ದು ಎದ್ದವ, ಇವನ ಹಳೆಯ ಗಂಟಲಿನಲ್ಲಿ ಮಾತಾಡಿದ. ಅದೇ ಕೂಗು, ಅದೇ ಗುಡುಗು. ಒಳಗಿದ್ದ ನಾನು, ತಮ್ಮನಿಗೆ ಬಾಯಿ ಬಂತು ಅಂತ ಓಡಿ ಬಂದೆ. ಆರು ವರ್ಷದಲ್ಲಿ ಕೇಳಿದ್ದು ಅವನಿಗೆ, ಹೇಗೆ ಇಟ್ಟುಕೊಂಡನೋ. ಇವ ಕಣ್ಣು ಮುಚ್ಚಿ ಕುಳಿತು ಕೇಳಿದ. ಆಮೇಲೆ ‘ಇನ್ನೊಮ್ಮೆ’ ಅಂತ ಸ್ಲೇಟಿನಲ್ಲಿ ಬರೆದ. ಮೂರು ಸಲ ಬರೆದ.”

ಗದ್ದೆಯ ಆಚೆ ಬಸ್ಸೊಂದು ಹಾರ್ನು ಹೊಡೆದು ಹೋಯಿತು. ಶೆಟ್ಟರು ತಮ್ಮ ಕೈಯಲ್ಲಿದ್ದ ಕಟ್ಟನ್ನು ಆಳ್ವರ ಎದುರಿಗೆ ಇಟ್ಟರು.

“ನೀಲು ಕೊಟ್ಟದ್ದು.”

ಆಳ್ವರು ಬಾಳೆಲೆ ಬಿಚ್ಚಿ ಒಂದು ಹಪ್ಪಳ ಎತ್ತಿ ಬೆಳಕಿಗೆ ಹಿಡಿದು ನೋಡಿದರು, ಮತ್ತೆ ಎಲೆಯನ್ನು ಮೊದಲಿನ ಹಾಗೆ ಮಡಚಿ ಕಟ್ಟನ್ನು ಮೊಣಕಾಲಿನ ಮೇಲೆ ಇಟ್ಟುಕೊಂಡರು.

“ಮನೆಯಲ್ಲಿ ಬಂದು ನಿಮ್ಮ ಗಂಟಲಿನಲ್ಲಿ ಏನು ಹೇಳಿದ ಗೊತ್ತುಂಟಾ ನಿಮ್ಮ ಮಗ?” ಎಂದರು ಶೆಟ್ಟರು. “ಮುಂಡಪ್ಪನಿಗೆ ಅಂದು ಬಾಯಿ ಇತ್ತಲ್ಲ, ಅವ ಬರಲಿ, ನನ್ನ ಅಂಗಳದಲ್ಲಿ ನಿಂತು ಕೇಳಲಿ, ಆಮೇಲೆ ಸಹಿ. ಮಾಡು ಹಾರಿ ಹೋಗುವ ಹಾಗೆ ಹೇಳಿದ. ಸಹಿ ಮದರಾಸಿಗೆ ಹೋಗಿ ಆಗಿತ್ತು, ಆ ಪೋಕರಿ ನನ್ನನ್ನು ಅಳದಂಗಡಿಗೆ ಕಳಿಸಿದ.”

ಆಳ್ವರು ಕೇಳಿದರು. ಬೈರಾಸಿನ ತುದಿಯಿಂದ ಸ್ಲೇಟು ಒರೆಸಿ, ನಿಧಾನವಾಗಿ, ಅಕ್ಷರ ತಿದ್ದಿ ಬರೆದು ಶೆಟ್ಟರ ಕಡೆಗೆ ತಿರುಗಿಸಿದರು.

‘ನಾನು ಚೆನ್ನಾಗಿ ಹೇಳಿದೆನಾ?’

ಶೆಟ್ಟರು ಒಮ್ಮೆ ಓದಿದರು. ಮತ್ತೊಮ್ಮೆ ಓದಿದರು.

“ಭಾರೀ ಚೆನ್ನಾಗಿ ಹೇಳಿದಿರಿ ಭಾವ,” ಎಂದರು. “ನಾನು ಮೂರು ದಿನ ಉಣ್ಣಲಿಲ್ಲ.”

ಮೊದಲು ಅಲುಗಿದ್ದು ಆಳ್ವರ ಹೆಗಲು. ಕಣ್ಣಲ್ಲಿ ನೀರು ತುಂಬಿ, ಬಾಯಿ ಅಗಲ ತೆರೆದು, ಅವರು ಸದ್ದಿಲ್ಲದೆ ನಕ್ಕರು. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಮುಂಡಪ್ಪ ಶೆಟ್ಟರಿಗೆ ಅದು ಹೊಟ್ಟೆಯ ಬುಡದಿಂದ ಎದ್ದು ಬಂತು. ತಡೆಯಲು ನೋಡಿದರು, ಆಗಲಿಲ್ಲ. ತೊಡೆ ತಟ್ಟಿಕೊಂಡು, ಕಂಬ ಹಿಡಿದುಕೊಂಡು, ತಮ್ಮ ಪಾಲಿನದ್ದನ್ನೂ ಭಾವನ ಪಾಲಿನದ್ದನ್ನೂ ಸೇರಿಸಿ, ಎರಡು ಗದ್ದೆ ಆಚೆಯ ರಸ್ತೆಗೂ ಕೇಳುವಷ್ಟು ಗಟ್ಟಿಯಾಗಿ ನಕ್ಕರು.